ಐನಾಳ ಮೀನುಗವಸು

ಐನಾ ಟೇಟ್‌ಗೆ ಇಷ್ಟೊಂದು ಹಟ ಎಲ್ಲಿಂದ ಬಂತು ಎಂದು ನಮ್ಮ ಫ್ರೇಸರ್‌ಬರ್ಗಿನಲ್ಲಿ ಯಾರೂ ಕೇಳುವುದಿಲ್ಲ. ಅವಳ ಅಮ್ಮನನ್ನು ಕಂಡವರು ಊರಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಸ್ಕಾಟ್‌ಲೆಂಡಿನ ಈ ಕರಾವಳಿಯಲ್ಲಿ ಅಂಥವರನ್ನು ‘ಥ್ರಾನ್’ ಎನ್ನುತ್ತೇವೆ. ತಿರುಚಿಕೊಂಡು ಬೆಳೆದದ್ದು, ನೆಟ್ಟಗೆ ಮಾಡಲು ಹೋದವರ ಕೈಯನ್ನೇ ನೋಯಿಸುವಂಥದ್ದು ಎಂದು ಅರ್ಥ. ಸ್ಕ್ರ್ಯಾಬಲ್ ಆಡುವವರ ಪದಪುಸ್ತಕದಲ್ಲಿ ಆ ಪದ ಇದೆ. ದಕ್ಷಿಣದ ಆಟಗಾರರು ಅದನ್ನು ಉರು ಹೊಡೆದು ಕಲಿಯುತ್ತಾರಂತೆ. ನಮಗೆ ಆ ಕಷ್ಟ ಇರಲಿಲ್ಲ, ಐನಾ ಇದ್ದಳು.

ನಾನು ಎಫೀ, ಅವಳ ಪಕ್ಕದ ಮನೆಯವಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನನ್ನ ದನಿ ದೊಡ್ಡದಾಗಿದೆ, ತಾಳ್ಮೆ ಚಿಕ್ಕದಾಗಿದೆ. ಐನಾ ಶಾಲೆ ಬಿಟ್ಟ ವರ್ಷವೇ ಬಂದರಿನ ಮೀನಿನ ಶೆಡ್ಡಿಗೆ ಸೇರಿ, ಮೀನು ಸೀಳುತ್ತಲೇ ಅಜ್ಜಿಯಾದವಳು. ಮಂಜುಗಡ್ಡೆಯ ನೀರಲ್ಲಿ ನೆನೆದೂ ನೆನೆದೂ ಅವಳ ಬೆರಳ ತುದಿಗಳು ಮರಗಟ್ಟಿ ಹೋಗಿದ್ದವು. ಕುದಿಯುವ ಕೆಟಲನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದಳು, ನೋಡುವ ನಮಗೆ ಉರಿಯುತ್ತಿತ್ತು.

ಗುರುವಾರ ಮಧ್ಯಾಹ್ನ ಬಂದರಿನ ಹತ್ತಿರದ ಸಭಾಮನೆಯ ಹಿಂದಿನ ಕೋಣೆಯಲ್ಲಿ ನಮ್ಮ ಸ್ಕ್ರ್ಯಾಬಲ್ ಕ್ಲಬ್ಬು ಸೇರುತ್ತದೆ. ಚೀಲದಿಂದ ಅಕ್ಷರದ ಬಿಲ್ಲೆ ಎತ್ತಿ, ಗಡಿಯಾರ ಓಡುತ್ತಿರುವಾಗಲೇ ಹಲಗೆಯ ಮೇಲೆ ಪದ ಕಟ್ಟಿ ಅಂಕ ಗಳಿಸುವ ಆಟ ಅದು. ಬೇರೆ ಎಲ್ಲೂ ಇಲ್ಲದ ಒಂದು ಪದ್ಧತಿ ನಮ್ಮಲ್ಲಿದೆ. ಯಾರಾದರೂ ವಿಚಿತ್ರವಾದ ಪದ ಇಟ್ಟರೆ ಎದುರಾಳಿ ಗಡಿಯಾರ ನಿಲ್ಲಿಸಿ ಅದರ ಅರ್ಥ ಕೇಳಬಹುದು. ಗೊತ್ತಿಲ್ಲದಿದ್ದರೂ ಅಂಕ ಸಿಗುತ್ತದೆ. ಆದರೆ ಆಟ ಮುಗಿದ ಮೇಲೆ ಎಲ್ಲರ ಟೀ ಲೋಟಗಳನ್ನು ಪದ ಇಟ್ಟವರೇ ತೊಳೆಯಬೇಕು. ಪದಪುಸ್ತಕದ ಪದಗಳನ್ನು ಅಕ್ಷರದ ಆಕಾರದಿಂದ ಕಲಿಯುವವರೇ ಹೆಚ್ಚು, ಅರ್ಥ ಯಾರಿಗೆ ಬೇಕು? ಹಾಗಾಗಿ ಲೋಟ ತೊಳೆಯುವ ಕೆಲಸಕ್ಕೆ ಜನ ಕಡಿಮೆಯಾಗಲಿಲ್ಲ. ಅದರಲ್ಲೂ ಐನಾ.

"ಪದ ಅಂದ್ರೆ ಮೀನಿದ್ದ ಹಾಗೆ ಕಣೇ," ಎನ್ನುತ್ತಿದ್ದಳು ಸಿಂಕಿನ ಮುಂದೆ ನಿಂತು. "ಯಾವ ಪೆಟ್ಟಿಗೆಗೆ ಹಾಕ್ಬೇಕು ಅಂತ ಗೊತ್ತಿದ್ರೆ ಸಾಕು. ಅದರ ಅಪ್ಪ ಅಮ್ಮ ಯಾರು ಅಂತ ಕೇಳ್ಕೊಂಡು ಕೂತ್ರೆ ಶಿಫ್ಟ್ ಮುಗಿಯುತ್ತಾ?"

ಆಟದಲ್ಲಿ ಅವಳನ್ನು ಹಿಡಿಯುವವನು ಕ್ಲಬ್ಬಿನಲ್ಲಿ ಒಬ್ಬನೇ, ಅಧ್ಯಕ್ಷ ಹೆಕ್ಟರ್ ಬಕನ್. ಬಂದರಿನ ಕಚೇರಿಯಲ್ಲಿ ದೋಣಿಗಳ ಕಾಗದಪತ್ರ ನೋಡುತ್ತಿದ್ದವನು. ಪ್ರಾರ್ಥನಾ ಮಂದಿರದ ಹಿರಿಯ, ಹೆಂಡದ ಹನಿ ಮುಟ್ಟಿದವನಲ್ಲ, ನಿಯಮದ ಪುಸ್ತಕವನ್ನು ಕನ್ನಡಕದ ಜೊತೆಗೇ ಜೇಬಲ್ಲಿ ಇಡುವವನು. ಅವನನ್ನು ಅರ್ಥ ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ. ಅವನಿಗೆ ಗೊತ್ತಿಲ್ಲದ್ದು ಇರಲಿಕ್ಕಿಲ್ಲ ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು.

ಹೀಗಿರುವಾಗ ಐನಾಳ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗವೇ ಮಂಕಾಗುತ್ತ ಹೋಗುವ ಕಾಯಿಲೆ. ಬಾಗಿಲ ಅಂಚು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಆಬರ್ಡೀನಿನ ವೈದ್ಯರು ಇದು ಹಿಂದೆ ಬರುವಂಥದ್ದಲ್ಲ ಎಂದು ಹೇಳಿ ಕಳಿಸಿದರು. ಐನಾ ಅದನ್ನು ಮನೆಯಲ್ಲಿ ಗಂಡ ಜಿಮ್‌ಗೆ ಹೇಳಿದಳು, ಬೇಲಿಯ ಮೇಲಿಂದ ನನಗೆ ಹೇಳಿದಳು, ಗುರುವಾರ ಎಂದಿನಂತೆ ಕೋಟು ಹಾಕಿಕೊಂಡು ಆಟಕ್ಕೆ ಹೊರಟಳು.

ಅಲ್ಲಿ ಶುರುವಾಯಿತು ನೋಡಿ, ಕರುಣೆಯ ಕಾಟ. ಐನಾ ಬಿಲ್ಲೆಗಳನ್ನು ಮೂಗಿನ ಹತ್ತಿರ ಹಿಡಿದು, ಓರೆಗಣ್ಣಲ್ಲಿ ನೋಡಿ ಇಡುತ್ತಿದ್ದಳು. ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಿತ್ತು. ಪದ ತಪ್ಪೆನಿಸಿದರೆ ಎದುರಾಳಿ ಅದನ್ನು ಪ್ರಶ್ನಿಸಬೇಕು. ಇಬ್ಬರೂ ಎದ್ದು ಮೂಲೆಯ ಲ್ಯಾಪ್‌ಟಾಪಿನಲ್ಲಿ ಪದ ಒತ್ತಿ ನೋಡಬೇಕು. ಹಸಿರು ಬಂದರೆ ಉಳಿಯಿತು, ಕೆಂಪು ಬಂದರೆ ಹೋಯಿತು. ಐನಾಳ ಪದವನ್ನು ಪ್ರಶ್ನಿಸುವುದನ್ನೇ ಜನ ಬಿಟ್ಟರು. ಅವಳಿಗೆ ಅನುಮಾನ ಬಂತು. ಒಂದು ಗುರುವಾರ ಮಿಸೆಸ್ ರಿಚಿಯ ಎದುರು ಕೂತಾಗ ಕೈಗೆ ಸಿಕ್ಕ ಬಿಲ್ಲೆಗಳನ್ನು ನೋಡದೆಯೇ ಸಾಲಾಗಿ ಇಟ್ಟುಬಿಟ್ಟಳು. ನಾನು ಪಕ್ಕದ ಮೇಜಿನಲ್ಲಿದ್ದೆ, ನನಗೂ ಕಂಡಿತು. ದೇವರಾಣೆಗೂ ಅದು ಯಾವ ಭಾಷೆಯ ಪದವೂ ಅಲ್ಲ, ಬಾಯಲ್ಲಿ ಹೇಳಲೂ ಬರುವಂಥದ್ದಲ್ಲ.

"ಚೆನ್ನಾಗಿದೆ ಕಣ್ರೀ," ಎಂದರು ಮಿಸೆಸ್ ರಿಚಿ, ಅವಳ ಕೈ ತಟ್ಟಿ. "ಹದಿನಾರು ಅಂಕ. ಎಷ್ಟು ಚೆನ್ನಾಗಿ ನಿಭಾಯಿಸ್ತಿದೀರಿ ನೀವು."

ಐನಾ ಎದ್ದಳು. ಕೋಟು ಹುಡುಕಿಕೊಂಡಳು. "ನನ್ನನ್ನ ಸೋಲಿಸಿ ಅಂತ ಬಂದಿದ್ದೆ, ಮಿಸೆಸ್ ರಿಚಿ," ಎಂದಳು. "ಮುದ್ದು ಮಾಡಿಸ್ಕೊಳ್ಳೋಕೆ ಮನೇಲಿ ಬೆಕ್ಕಿದೆ, ಅದನ್ನ ಮಾಡ್ತಾರೆ." ಅಷ್ಟು ಹೇಳಿ ಗೋಡೆ ಹಿಡಿದುಕೊಂಡು ಹೊರಟುಹೋದಳು.

ಮುಂದಿನ ಗುರುವಾರಗಳಲ್ಲಿ ಅವಳ ಕುರ್ಚಿ ಖಾಲಿ. ಬಿಟ್ಟೇಬಿಟ್ಟಳು ಪಾಪ, ಎಂದು ಕ್ಲಬ್ಬಿನವರು ನಿಟ್ಟುಸಿರು ಬಿಟ್ಟರು. ನನಗೆ ಆ ‘ಪಾಪ’ ಕೇಳಿದರೆ ಮೈ ಉರಿಯುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ನನ್ನ ಹಿಂಬಾಗಿಲು ತಟ್ಟಿದವಳು ಪದಪುಸ್ತಕವನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಓದು," ಎಂದಳು.

"ಯಾವ ಪುಟ?"

"ಮೊದಲಿಂದ ಓದು. ಅರ್ಥದ ಸಮೇತ ಓದು."

"ಅರ್ಥನಾ? ನಿನಗಾ? ನಾನು ಕೂತ್ಕೋಬೇಕು ತಡಿ."

"ನಗಬೇಡ ಕಣೇ. ಆಕಾರ ನೋಡಿ ಇಟ್ಕೊಂಡಿದ್ದೆಲ್ಲ ಹೊಗೆ ಆಗೋಯ್ತು. ಇನ್ನು ನೇತು ಹಾಕೋಕೆ ಒಂದು ಮೊಳೆ ಬೇಕು. ಅರ್ಥನೇ ಮೊಳೆ."

ಅಂದಿನಿಂದ ನನ್ನ ಅಡುಗೆಮನೆ ಪಾಠಶಾಲೆಯಾಯಿತು. ಬೆಣ್ಣೆ ಹಚ್ಚಿದ ಉಪ್ಪುಬನ್ನು ತಿನ್ನುತ್ತ ನಾನು ಪದ, ಅದರ ಅಕ್ಷರ, ಅದರ ಅರ್ಥ ಓದಬೇಕು. ಅವಳು ಕಣ್ಣು ಮುಚ್ಚಿ ಅದನ್ನು ಊರಿನ ಯಾರಾದರೊಬ್ಬರ ಕುತ್ತಿಗೆಗೆ ಕಟ್ಟುವಳು. ‘ಯೆಕ್ಸ್’ ಎಂದರೆ ಬಿಕ್ಕಳಿಕೆ. ಅದು ಜಿಮ್‌ಗೆ ಹೋಯಿತು, ಬಿಸಿ ಸೂಪು ಕುಡಿದಾಗಲೆಲ್ಲ ಅವನಿಗೆ ಅದೇ ಗತಿ. ‘ಝ್ಯಾಕ್ಸ್’ ಎಂದರೆ ಚಾವಣಿಯ ಕಲ್ಲುಹಲಗೆ ಕಡಿಯುವ ಪುಟ್ಟ ಕೊಡಲಿ. ಅದು ಅವಳ ಚಾವಣಿ ರಿಪೇರಿಗೆ ಬಂದು ಕಾಲು ತೂರಿಸಿ ಮಲಗುವ ಕೋಣೆಗೆ ಇಳಿದವನಿಗೆ. ಯಾಕ್‌ಗೂ ಹಸುವಿಗೂ ಹುಟ್ಟಿದ ಪ್ರಾಣಿ ‘ಝೋ’. ಅದು ಜಿಮ್‌ನ ತಮ್ಮ, ಅತ್ತ ಮೀನುಗಾರನೂ ಅಲ್ಲ ಇತ್ತ ರೈತನೂ ಅಲ್ಲ. ಬಂಡೆಯೊಳಗೆ ಹರಳು ತುಂಬಿ ಹೊಳೆಯುವ ಪೊಳ್ಳಿಗೆ ‘ವಗ್’ ಎನ್ನುತ್ತಾರಂತೆ.

"ಮಿಸೆಸ್ ರಿಚಿಯ ಬಾಯಿ," ಎಂದಳು ಐನಾ ಒಂದು ಕ್ಷಣವೂ ತಡೆಯದೆ. "ಆ ಹಲ್ಲಿನ ಸೆಟ್ ನೋಡಿದೀಯಾ?"

‘ಯೂಓಯ್’ ಎಂಬ ಪುಟ್ಟ ಪದದ ಅರ್ಥ ಓದಿದ ದಿನವಂತೂ ಅವಳು ಬನ್ನನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಯಾರಿಗೆ ಎಂದು ಕೇಳಿದರೆ ಹೇಳಲಿಲ್ಲ. "ಇರಲಿ, ಸಮಯ ಬರ್ಲಿ," ಎಂದಳು.

ಪದ ತಲೆಗೆ ಹತ್ತಿತು, ಬಿಲ್ಲೆ ಓದುವುದು ಹೇಗೆ? ಕುರುಡರಿಗೆಂದು ಮಾಡಿದ ಆಟದ ಸೆಟ್ಟು ತರಿಸಿದಳು. ಅಕ್ಷರಗಳು ಬಿಲ್ಲೆಯ ಮೇಲೆ ಉಬ್ಬಿರುತ್ತವೆ, ಹಲಗೆಯ ಮನೆಗಳಿಗೆ ಸಣ್ಣ ಅಂಚು ಇರುತ್ತದೆ. ಆದರೆ ಅವಳ ಬೆರಳುಗಳಿಗೆ ಜೀವವೆಲ್ಲಿತ್ತು? ಹೆಬ್ಬೆರಳಿಗೆ ಏನೂ ತಿಳಿಯಲಿಲ್ಲ, ತೋರುಬೆರಳಿಗೂ ಇಲ್ಲ, ನಡುಬೆರಳಿಗೂ ಇಲ್ಲ. ಸಿಟ್ಟು ಬಂದು ಸೆಟ್ಟನ್ನು ಜಿಮ್‌ನ ಕಡೆ ಎಸೆದಳಂತೆ, ಅವನು ಫುಟ್‌ಬಾಲ್ ನೋಡುತ್ತ ಒಂದೇ ಕೈಯಲ್ಲಿ ಹಿಡಿದನಂತೆ. ಹಾರುವಾಗ ಸೆಟ್ಟಿನಿಂದ ಚೆಲ್ಲಿದ ಬಿಲ್ಲೆಗಳನ್ನು ನೆಲದಲ್ಲಿ ತಡವಿ ಆರಿಸುವಾಗ ಬಲಗೈಯ ಕಿರುಬೆರಳಿಗೆ ಏನೋ ತಗುಲಿತು. ಚೂರಿ ಹಿಡಿಯುವ ಕೈಯಲ್ಲಿ ಆ ಬೆರಳು ವರ್ಷಗಟ್ಟಲೆ ಏನೂ ಮಾಡದೆ ಹಿಡಿಕೆಯ ಹಿಂದೆ ಮಡಚಿ ಕೂತಿತ್ತಲ್ಲ, ಅದೊಂದು ಉಳಿದುಕೊಂಡಿತ್ತು. ಆ ಸೋಮಾರಿ ಬೆರಳಿಗೆ ಅವಳು ಬೇಸಿಗೆಯಿಡೀ ಅಕ್ಷರ ಕಲಿಸಿದಳು. ತುದಿ ಕೆಂಪಾಗಿ ಸಿಪ್ಪೆ ಎದ್ದಾಗ ಎಣ್ಣೆ ಹಚ್ಚಿಕೊಂಡು ಮತ್ತೆ ಕೂರುತ್ತಿದ್ದಳು. ಸಾಕು ಬಿಡೇ ಎಂದು ನಾನು ಹೇಳಿದ್ದು ಒಂದೇ ಸಲ. ಅವಳು ತಿರುಗಿ ನೋಡಿದ ರೀತಿಗೆ ಮತ್ತೆ ಹೇಳಲಿಲ್ಲ.

ಅಕ್ಟೋಬರಿನಲ್ಲಿ ನಮ್ಮ ಕ್ಲಬ್ಬು ಹೆರಿಂಗ್ ಕಪ್ ನಡೆಸುತ್ತದೆ. ಕರಾವಳಿಯುದ್ದಕ್ಕೂ ಇರುವ ಕ್ಲಬ್ಬುಗಳಿಂದ ಆಟಗಾರರು ಬರುತ್ತಾರೆ. ಅದರಲ್ಲಿ ಆಡಬೇಕು, ಎಲ್ಲರಂತೆ ಆಡಬೇಕು, ಅದೊಂದೇ ಅವಳ ತಲೆಯಲ್ಲಿ. ಸೆಪ್ಟೆಂಬರಿನ ಒಂದು ಗುರುವಾರ ಉಬ್ಬಕ್ಷರದ ಸೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಕ್ಲಬ್ಬಿಗೆ ಬಂದು ಹೆಸರು ಕೊಟ್ಟಳು. ಎಲ್ಲರೂ ಸುತ್ತ ಸೇರಿ ಹೊಗಳತೊಡಗಿದರು. ಹೆಕ್ಟರ್ ಮಾತ್ರ ಬಿಲ್ಲೆಯೊಂದನ್ನು ಹೆಬ್ಬೆರಳಲ್ಲಿ ಸವರಿ, ಚೀಲದೊಳಗೆ ಹಾಕಿ, ಕೈ ತೂರಿಸಿ ಯೋಚಿಸುತ್ತ ನಿಂತ.

"ಐನಾ, ಚೀಲದೊಳಗೆ ಕೈ ಹಾಕಿದ್ರೆ ಯಾವ ಅಕ್ಷರ ಅಂತ ನಿನಗೆ ಗೊತ್ತಾಗುತ್ತೆ ಅಲ್ವಾ?"

"ಗೊತ್ತಾಗದೆ ಏನು? ಗೊತ್ತಾಗ್ಲಿ ಅಂತಾನೇ ಬೇಸಿಗೆಯೆಲ್ಲ ಒದ್ದಾಡಿದ್ದು."

"ಹಾಗಾದ್ರೆ ಕಷ್ಟ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಆದರೆ ಆಟ ಆಡುವವರಿಗೆಲ್ಲ ವಿಷಯ ಗೊತ್ತು. ಬಿಲ್ಲೆಯನ್ನು ಕುರುಡಾಗಿ ಎತ್ತಬೇಕು. ಚೀಲದೊಳಗೆ ತಡವಿ ಬೇಕಾದ ಅಕ್ಷರ ಆರಿಸುವುದಕ್ಕಿಂತ ದೊಡ್ಡ ಕಳ್ಳತನ ನಮ್ಮಲ್ಲಿಲ್ಲ. ಹಿಂದೆ ಒಬ್ಬ ಹಾಗೆ ಸಿಕ್ಕಿಬಿದ್ದಿದ್ದ, ಇವತ್ತಿಗೂ ಅವನ ಪಕ್ಕ ಕೂತು ಯಾರೂ ಟೀ ಕುಡಿಯುವುದಿಲ್ಲ.

"ನಿನ್ನ ಬದಲು ಬೇರೆಯವರು ಎತ್ತಿ ಕೊಡ್ಲಿ," ಎಂದ ಹೆಕ್ಟರ್. "ನಿಯಮದಲ್ಲಿ ಅವಕಾಶ ಇದೆ. ಬೆರಳಲ್ಲಿ ಓದೋರಿಗೆ ಗಡಿಯಾರದಲ್ಲಿ ಹೆಚ್ಚು ಹೊತ್ತೂ ಇದೆ."

"ಹೊತ್ತು ತಗೋತೀನಿ, ಅದು ನಿಯಮ. ಎತ್ತಿ ಕೊಡೋದು ಬೇಡ. ನನ್ನ ಮೀನು ನಾನೇ ಹಿಡೀತೀನಿ. ಇನ್ನೊಬ್ರು ಎತ್ತಿಕೊಟ್ಟ ದರಿದ್ರ ಅಕ್ಷರಕ್ಕೆ ನಾನು ಯಾರನ್ನ ಬೈಲಿ?"

ಮುಂದಿನ ಗುರುವಾರ ಅವಳು ಬಂದದ್ದು ಮೀನಿನ ಶೆಡ್ಡಿನ ಗವಸುಗಳ ಜೊತೆ. ಮೊಣಕೈವರೆಗೆ ಬರುವ ಕಿತ್ತಳೆ ಬಣ್ಣದ ದಪ್ಪ ರಬ್ಬರು, ಒಳಗೆ ಉಣ್ಣೆ. ಹಾಕಿಕೊಂಡು ಚೀಲದೊಳಗೆ ಕೈಯಿಟ್ಟು ಒಂದೊಂದೇ ಬಿಲ್ಲೆ ಹಿಡಿದು ಅಕ್ಷರ ಹೇಳುತ್ತ ಹೋದಳು. ಒಂದೂ ಸರಿಯಿಲ್ಲ. ಮಿಸೆಸ್ ರಿಚಿ ಚಪ್ಪಾಳೆ ತಟ್ಟಿದರು.

ಹೆಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡ. "ತಪ್ಪು ತಿಳ್ಕೋಬೇಡ ಐನಾ. ಬೇಕಂತ್ಲೇ ತಪ್ಪು ಹೇಳಿಲ್ಲ ಅಂತ ನಾನು ಹೇಗೆ ನಂಬ್ಲಿ?"

ನನಗೆ ತಡೆಯಲಿಲ್ಲ. "ನಿನಗೆ ನಾಚಿಕೆ ಆಗಲ್ವೇನೋ ಹೆಕ್ಟರ್? ಪ್ರಾರ್ಥನೆಗೆ ಹೋಗೋ ಬಾಯಲ್ಲಿ ಇಂಥ ಮಾತಾ?"

"ನೀನು ಸುಮ್ನಿರೇ ಎಫೀ," ಎಂದಳು ಐನಾ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಎಷ್ಟೋ ತಿಂಗಳಿಂದ ಕಾಣದ ಗೆಲುವಿತ್ತು. "ಅವನು ಕೇಳಿದ್ದು ಸರಿಯಾಗೇ ಇದೆ. ಅವನ ಜಾಗದಲ್ಲಿ ನಾನಿದ್ರೂ ಅದೇ ಕೇಳ್ತಿದ್ದೆ. ಹೆಕ್ಟರ್, ನನ್ನ ನಂಬಬೇಡ. ಪರೀಕ್ಷೆ ನೀನೇ ಮಾಡು."

"ನನ್ನ ಬೆರಳಿಗೆ ಓದೋಕೆ ಬರಲ್ವಲ್ಲ. ಬರಿಗೈಲೇ ಗೊತ್ತಾಗದವನಿಗೆ ಗವಸಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಏನು ಸಾಬೀತಾಯ್ತು?"

"ಕಲಿ," ಎಂದಳು ಐನಾ, ಸೆಟ್ಟನ್ನೂ ಗವಸುಗಳನ್ನೂ ಅವನ ಕಡೆ ತಳ್ಳಿ.

ಅವನು ಎಲ್ಲವನ್ನೂ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ.

ಬ್ರೆಡ್ ತರಲು ಹೋಗುವಾಗ ದಾರಿಯಲ್ಲಿ ಅವನ ಮನೆಯ ಮುಂಕೋಣೆ ಕಾಣುತ್ತದೆ. ನಾನು ಇಣುಕಿದೆ, ಇಣುಕದೆ ಇರುವ ಜಾಯಮಾನ ನನ್ನದಲ್ಲ. ಹೆಕ್ಟರ್ ಭಾನುವಾರದ ಕಪ್ಪು ಟೈಯನ್ನು ಕಣ್ಣಿಗೆ ಕಟ್ಟಿಕೊಂಡು ಮೇಜಿನ ಮುಂದೆ ಕೂತು ಬಿಲ್ಲೆ ಸವರುತ್ತಿದ್ದ. ತುಟಿ ಅಲುಗುತ್ತಿತ್ತು. ಮರುದಿನವೂ ಹಾಗೇ ಕೂತಿದ್ದ, ಅದರ ಮರುವಾರವೂ. ಟೀ ತಣ್ಣಗಾಗಿ ಪಕ್ಕದಲ್ಲಿತ್ತು. ಅವನ ಮೇಲಿದ್ದ ನನ್ನ ಸಿಟ್ಟು ಅಲ್ಲೇ ಆ ಕಿಟಕಿಯ ಹೊರಗೆ ಇಳಿದುಹೋಯಿತು. ಇನ್ನೊಬ್ಬರ ಮಾತು ನಂಬಿಬಿಡುವುದು ಎಷ್ಟು ಸುಲಭವಿತ್ತು! ಅವನು ಐನಾಳಿಗೆ ಸುಲಭದ ಮರ್ಯಾದೆ ಕೊಡಲಿಲ್ಲ.

ಕಪ್‌ಗೆ ಮುಂಚಿನ ಗುರುವಾರ ಅವನು ಎದ್ದು ನಿಂತು ಸಭೆಗೆ ವರದಿ ಒಪ್ಪಿಸುವವನಂತೆ ಹೇಳಿದ: "ಬರಿಗೈಯಲ್ಲಿ ಈಗ ಎಲ್ಲಾ ಬಿಲ್ಲೆ ಓದ್ತೀನಿ. ಗವಸು ಹಾಕ್ಕೊಂಡ್ರೆ ಒಂದೂ ಗೊತ್ತಾಗಲ್ಲ, ಎಷ್ಟು ಪ್ರಯತ್ನ ಪಟ್ರೂ. ಐನಾ ಟೇಟ್ ತನ್ನ ಬಿಲ್ಲೆ ತಾನೇ ಎತ್ತಬಹುದು, ಗವಸು ಹಾಕಿ."

"ಇಷ್ಟು ದಿನ ಬೇಕಾಯ್ತಾ?" ಎಂದಳು ಐನಾ. "ನಿನ್ನ ಬೆರಳು ನಿನಗಿಂತ ದಡ್ಡ ಕಣೋ."

ಕಪ್‌ನ ದಿನ ಸಭಾಮನೆಯ ದೊಡ್ಡ ಕೋಣೆ ತುಂಬಿತ್ತು. ಎದುರಾಳಿ ತನ್ನ ಪದವನ್ನು ಜೋರಾಗಿ ಹೇಳುವನು, ಐನಾ ಕಿರುಬೆರಳನ್ನು ಹಲಗೆಯ ಮೇಲೆ ಓಡಿಸಿ ಅದು ಕೂತ ಜಾಗ ತಿಳಿದುಕೊಳ್ಳುವಳು. ಹೊಸ ಬಿಲ್ಲೆ ಬೇಕಾದಾಗ ಗವಸು ಏರಿಸಿ ಚೀಲಕ್ಕೆ ಕೈ ಹಾಕುವಳು, ಮತ್ತೆ ಕಳಚುವಳು. ಹಾಕುವಾಗ ಕಳಚುವಾಗ ರಬ್ಬರು ಪಟ್ ಎನ್ನುತ್ತಿತ್ತು. ಪಕ್ಕದ ಮೇಜಿನವರು ಮೊದಲು ಬೆಚ್ಚಿದರು, ಆಮೇಲೆ ಒಗ್ಗಿಕೊಂಡರು. ಒಂದು ಆಟ ಸೋತಳು, ಉಳಿದವನ್ನು ಗೆದ್ದಳು. ಕೊನೆಯ ಸುತ್ತಿಗೆ ಹೆಕ್ಟರ್ ಬಂದು ಎದುರಿಗೆ ಕೂತ. ಗೆದ್ದವರಿಗೆ ಕಪ್.

ಹೆಕ್ಟರ್ ಚೀಲಕ್ಕೆ ಕೈ ಹಾಕಲು ಹೋದ.

"ನಿಲ್ಲು," ಎಂದಳು ಐನಾ. "ನಿನ್ನ ಗವಸೆಲ್ಲಿ?"

"ನನಗ್ಯಾಕೆ?"

"ಬರಿಗೈಯಲ್ಲಿ ಎಲ್ಲಾ ಓದ್ತೀನಿ ಅಂತ ಎಲ್ಲರ ಮುಂದೆ ಹೇಳಿದ್ದು ನೀನೇ ಅಲ್ವಾ? ನೀನು ಕಳ್ಳತನ ಮಾಡಲ್ಲ ಅಂತ ನಾನು ಹೇಗೆ ನಂಬ್ಲಿ?"

ಹೆಕ್ಟರನ ಕಿವಿ ಕೆಂಪಗಾಯಿತು. ಅವನು ಜೇಬಿನಿಂದ ನಿಯಮದ ಪುಸ್ತಕ ತೆಗೆದು, ತೆರೆಯದೆ, ಮತ್ತೆ ಒಳಗಿಟ್ಟ. "ಸರಿಯಾಗಿದೆ," ಎಂದ. ಐನಾ ಜೋಡಿಯ ಎಡಗೈ ಗವಸನ್ನು ಅವನ ಕಡೆ ಎಸೆದಳು. ಅವಳು ಬಲಗೈಯಲ್ಲಿ, ಅವನು ರೂಢಿಯಿಲ್ಲದ ಎಡಗೈಯಲ್ಲಿ, ಒಂದೇ ಜೋಡಿ ಗವಸು ಹಂಚಿಕೊಂಡು ಆಟ ಶುರುಮಾಡಿದರು.

ಮಧ್ಯದಲ್ಲಿ ಹೆಕ್ಟರನ ಕೈಗೆ ಬರೀ ಸ್ವರಗಳು ಬಂದಿರಬೇಕು. ಅಂಥ ಹೊತ್ತಲ್ಲಿ ಅವನು ಎಷ್ಟೋ ವರ್ಷದಿಂದ ಬಳಸುವ ಪದವನ್ನೇ ಇಟ್ಟ. "ಯೂಓಯ್," ಎಂದು ಗಂಭೀರವಾಗಿ ಹೇಳಿದ.

ಐನಾ ಗಡಿಯಾರ ನಿಲ್ಲಿಸಿದಳು. ಅವಳ ತುಟಿ ಕೊಂಕಿತು. "ಅರ್ಥ?"

ಅವನನ್ನು ಅರ್ಥ ಕೇಳಿದ್ದು ಅದೇ ಮೊದಲು. "ಗ್ರೀಕರದು ಏನೋ..." ಎಂದು ತಡವರಿಸಿದ.

"ಮದ್ಯದ ದೇವರ ಹಬ್ಬದಲ್ಲಿ ಕುಡಿದು ತಲೆಕೆಟ್ಟವರು ಹಾಕೋ ಕೇಕೆ. ಇಷ್ಟು ವರ್ಷ ನಮ್ಮ ಕ್ಲಬ್ಬಿನಲ್ಲಿ ಅದನ್ನ ಹಾಕಿದವನು ನೀನೊಬ್ನೇ, ಹೆಕ್ಟರ್. ಲೋಟ ನಿನ್ನ ಪಾಲಿಗೆ."

ನಗು ತಣ್ಣಗಾಗಲು ಹೊತ್ತು ಹಿಡಿಯಿತು. ಹೆಕ್ಟರ್ ನಗಲಿಲ್ಲ. ಅವನು ಆಟ ಬಿಗಿ ಮಾಡಿದ. ಚೀಲ ಖಾಲಿಯಾದಾಗ ಅವನು ಸ್ವಲ್ಪ ಮುಂದಿದ್ದ. ಐನಾ ಬಹಳ ಹೊತ್ತು ಕಿರುಬೆರಳನ್ನು ತನ್ನ ಬಿಲ್ಲೆಗಳ ಮೇಲೆ ಆಡಿಸುತ್ತ ಕೂತಳು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಇಟ್ಟಳು.

"ಸ್ಕಾರ್ನಿಲ್," ಎಂದಳು.

ಪದ ನಿಂತರೆ ಕಪ್ ಅವಳದು. ಹೆಕ್ಟರ್ ಅರ್ಥ ಕೇಳಿದ.

"ಉಪ್ಪುನೀರಲ್ಲಿ ನೆಂದ ಹಗ್ಗ ಒಣಗಿದಾಗ ಮೇಲೆ ಉಳಿಯುತ್ತಲ್ಲ ಬಿಳಿ ಪದರ, ಅದು. ನಮ್ಮಜ್ಜಿ ಹೇಳ್ತಿದ್ರು."

ಹಿಂದೆ ನಿಂತಿದ್ದ ಮೀನುಗಾರರ ಮನೆಯವರೆಲ್ಲ ತಲೆಯಾಡಿಸಿದರು. ನಮ್ಮಜ್ಜಿಯೂ ಹೇಳುತ್ತಿದ್ದಳೇನೋ ಎಂದು ನನಗೇ ಅನ್ನಿಸಿತು. ಪುಸ್ತಕವಿಡೀ ಅವಳಿಗೆ ಓದಿ ಹೇಳಿದವಳು ನಾನು, ಅಂಥ ಪದವೊಂದು ಅದರಲ್ಲಿ ಬಂದ ನೆನಪಿಲ್ಲ. ಆಗ ನನಗೆ ಹೊಳೆಯಿತು. ಐನಾ ಕತೆ ಕಟ್ಟುತ್ತಿದ್ದಳು. ಆಟದಲ್ಲಿ ಅದು ತಪ್ಪಲ್ಲ, ಎದುರಾಳಿ ಸುಮ್ಮನಿದ್ದರೆ ಸುಳ್ಳುಪದವೂ ನಿಲ್ಲುತ್ತದೆ. ಮಿಸೆಸ್ ರಿಚಿ ಹೆಕ್ಟರನ ಭುಜ ಮುಟ್ಟಿ ಪಿಸುಗುಟ್ಟಿದರು: "ಬಿಟ್ಟುಬಿಡಿ ಹೆಕ್ಟರ್. ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ."

ಐನಾಗೆ ಕೇಳಿಸಿತು. ಅವಳ ಮುಖ ಕಲ್ಲಾಯಿತು. ಕಾಣದ ಕಣ್ಣನ್ನು ನೇರವಾಗಿ ಹೆಕ್ಟರನ ಕಡೆಗೇ ನೆಟ್ಟು ಕೂತಳು. ಬಿಟ್ಟುಬಿಟ್ಟಾನೇ ಇವನೂ ಎಂದು ನನಗೆ ಭಯವಾಯಿತು. ಗೆಳತಿ ಗೆಲ್ಲುವ ಹೊತ್ತಿನಲ್ಲಿ ನಾನು ಅವಳ ಸೋಲಿಗಾಗಿ ಬೇಡಿಕೊಂಡೆ.

"ಪ್ರಶ್ನಿಸ್ತೀನಿ," ಎಂದ ಹೆಕ್ಟರ್.

ಇಬ್ಬರೂ ಎದ್ದರು. ಐನಾ ಅವನ ತೋಳು ಹಿಡಿಯಲಿಲ್ಲ, ಕುರ್ಚಿಗಳ ಬೆನ್ನು ಮುಟ್ಟಿಕೊಂಡೇ ಮೂಲೆಗೆ ನಡೆದಳು. ಹೆಕ್ಟರ್ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಒತ್ತಿದ.

"ಏನು ಬಂತು?" ಎಂದಳು.

"ಕೆಂಪು."

ಐನಾ ತಲೆ ಹಿಂದಕ್ಕೆ ಹಾಕಿ ನಕ್ಕಳು. ಅಂಥ ನಗು ಅವಳ ಕಣ್ಣು ಹೋದ ಮೇಲೆ ಕ್ಲಬ್ಬಿನಲ್ಲಿ ನಾನು ಕೇಳಿರಲಿಲ್ಲ. ಬಂದು ಬಿಲ್ಲೆಗಳನ್ನು ವಾಪಸ್ ತೆಗೆದುಕೊಂಡಳು, ಹೆಕ್ಟರ್ ತನ್ನವನ್ನು ಇಟ್ಟು ಆಟ ಮುಗಿಸಿದ, ಕಪ್ ಅವನಿಗೆ ಹೋಯಿತು. ಅವಳು ನನ್ನ ಕೈ ಹುಡುಕಿ ಗಟ್ಟಿಯಾಗಿ ಹಿಡಿದಳು. "ಕೇಳಿಸ್ತೇನೇ ಎಫೀ? ಪ್ರಶ್ನಿಸಿದ ಕಣೇ," ಎಂದಳು. ನನಗೆ ಅಳು ಬಂದುಬಿಟ್ಟಿತು, ಅದಕ್ಕೂ ಬೈಸಿಕೊಂಡೆ.

ಎಲ್ಲರೂ ಹೋದ ಮೇಲೆ ಕಪ್ ಗೆದ್ದ ಹೆಕ್ಟರ್ ಬಕನ್ ಕೋಟು ಕಳಚಿ ಸಿಂಕಿನ ಮುಂದೆ ನಿಂತ. ಎಡಗೈ ಗವಸು ಅವನ ಹತ್ತಿರವೇ ಇತ್ತು. ಐನಾ ಬಲಗೈಯದನ್ನೂ ಕೊಟ್ಟಳು. ಅವನು ತೊಳೆದು ಕೊಟ್ಟ ಮೊದಲ ಲೋಟವನ್ನು ಬಟ್ಟೆಯಲ್ಲಿ ಒರೆಸುವ ಮುಂಚೆ ಅದರ ಅಂಚಿನ ಸುತ್ತ ಕಿರುಬೆರಳು ಓಡಿಸಿದಳು, ಒಂದು ಕಡೆ ಬೆರಳು ನಿಲ್ಲಿಸಿದಳು, ಲೋಟವನ್ನು ಮತ್ತೆ ಅವನ ಕೈಗೇ ಇಟ್ಟಳು.

"ಇನ್ನೂ ಕಲೆ ಇದೆ. ಸರಿಯಾಗಿ ತೊಳಿ."

ಹೆಕ್ಟರ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಕಲೆ ಇತ್ತು. ಮತ್ತೆ ತೊಳೆದ.